ಉಚಿತ ಅಂತಲೇ ಜನ ಬರುತ್ತಿಲ್ಲವೇ? ಖಾಲಿ ಕುರ್ಚಿಗೆ ಕಾರಣ ಬೇರೆ ಕಡೆ ಹುಡುಕಿ

ಪ್ರಶ್ನೆ (ಮಂಡ್ಯದ ಓದುಗರೊಬ್ಬರ ಪತ್ರದ ಸಾರ): "ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದೂವರೆ ವರ್ಷದಿಂದ ಪ್ರತಿ ತಿಂಗಳ ಕೊನೆಯ ಶನಿವಾರ ಉಚಿತ ಕುಟುಂಬ ಸಂಜೆ ನಡೆಸುತ್ತಿದ್ದೇವೆ. ಮೊದಮೊದಲು 250 ಜನ ಸೇರುತ್ತಿದ್ದರು, ಈಗ 60-70ಕ್ಕೆ ಇಳಿದಿದೆ. ಅದರಲ್ಲೂ ಅರ್ಧ ಜನ ನಡುವೆಯೇ ಎದ್ದು ಹೋಗುತ್ತಾರೆ. ಮಕ್ಕಳು ಓಡಾಡುತ್ತವೆ, ಹಿಂದೆ ಕೂತವರಿಗೆ ಮಾತು ಕೇಳಿಸುವುದಿಲ್ಲ, ಸೌಂಡ್ ಜೋರು ಮಾಡಿದರೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಕಳೆದ ಸಲ ನಾಟಕದ ಮಧ್ಯೆ ಎರಡು ಬಾರಿ ಕರೆಂಟ್ ಟ್ರಿಪ್ ಆಯಿತು. ಬಿಟ್ಟಿ ಕೊಟ್ಟರೆ ಬೆಲೆ ಇಲ್ಲ, ತಲೆಗೆ 30 ರೂಪಾಯಿ ಟಿಕೆಟ್ ಇಡೋಣ ಎಂದು ಸಮಿತಿಯಲ್ಲಿ ಕೆಲವರು. ಸಿನಿಮಾ ಹಾಕೋಣ, ಕರೋಕೆ ಇಡೋಣ, ಉಚಿತವಾದ್ದರಿಂದ ಯಾರೂ ಕೇಳುವುದಿಲ್ಲ ಎಂದು ಇನ್ನು ಕೆಲವರು. ಭವನ 60 ಅಡಿ ಉದ್ದ, 40 ಅಡಿ ಅಗಲ. ಟೈಲ್ಸ್ ನೆಲ, ಶೀಟ್ ಚಾವಣಿ, 16 ಅಡಿ ಆಳದ ವೇದಿಕೆ. ವಿದ್ಯುತ್ ಸಂಪರ್ಕ 3 ಕಿಲೋವಾಟ್. ಏನು ಮಾಡುವುದು?"

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಬೇರೆ ಬೇರೆ ತೊಂದರೆಗಳಿವೆ. ಸಮಿತಿ ಮಾತ್ರ ಎಲ್ಲಕ್ಕೂ 'ಉಚಿತ' ಎಂಬ ಒಂದೇ ಕಾರಣ ಹಿಡಿದು ಕೂತಂತೆ ಕಾಣುತ್ತದೆ. ಟಿಕೆಟ್ ಇಟ್ಟರೆ ಹಿಂದಿನ ಸಾಲಿಗೆ ಮಾತು ಕೇಳಿಸುವುದಿಲ್ಲ, ಕರೆಂಟ್ ಟ್ರಿಪ್ ಆಗುವುದೂ ನಿಲ್ಲುವುದಿಲ್ಲ. ದುಡ್ಡು ಕೊಟ್ಟು ಬಂದವರು ಸಿಟ್ಟು ಮಾಡಿಕೊಂಡು ಹೋಗುತ್ತಾರೆ, ಅಷ್ಟೇ ವ್ಯತ್ಯಾಸ.

ದಸರಾದಲ್ಲಿ ಮೈಸೂರು ಅರಮನೆ ಮುಂದಿನ ಸಂಗೀತಕ್ಕೆ ಟಿಕೆಟ್ ಇಲ್ಲ. ಅದೇ ಊರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಸಂಗೀತೋತ್ಸವಕ್ಕೂ ಟಿಕೆಟ್ ಇಲ್ಲ. ರಸ್ತೆಗೇ ಪೆಂಡಾಲ್ ಹಾಕಿ ಕುರ್ಚಿ ಇಟ್ಟಿರುತ್ತಾರೆ. ಒಳ್ಳೆಯ ಕಲಾವಿದರಿದ್ದ ದಿನ ಎರಡೂ ಕಡೆ ತಡವಾಗಿ ಹೋದವರು ನಿಂತೇ ಕೇಳಬೇಕು. ಆದ್ದರಿಂದ 'ಬಿಟ್ಟಿಯದ್ದಕ್ಕೆ ಬೆಲೆ ಇಲ್ಲ' ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅದರಲ್ಲಿರುವ ನಿಜ ಇಷ್ಟು: ಉಚಿತ ಕಾರ್ಯಕ್ರಮ ತಪ್ಪಿಸಿಕೊಂಡರೆ ಯಾರಿಗೂ ಕೈಯಿಂದ ಏನೂ ಹೋಗುವುದಿಲ್ಲ. ನಾಲ್ಕು ಹನಿ ಮಳೆ ಬಿದ್ದರೆ, ಮನೆಗೆ ನೆಂಟರು ಬಂದರೆ, ಕ್ರಿಕೆಟ್ ಮ್ಯಾಚ್ ಇದ್ದರೆ ಮೊದಲು ಬಿಟ್ಟುಹೋಗುವುದು ನಿಮ್ಮ ಸಂಜೆ. ಅದಕ್ಕೆ ಮದ್ದು ಹೆಸರು ಬರೆಸಿಕೊಂಡು ಕೊಡುವ ಉಚಿತ ಪಾಸ್. ಮನೆಯ ಹೆಸರು, ಎಷ್ಟು ಜನ, ಅದರಲ್ಲಿ ಮಕ್ಕಳೆಷ್ಟು ಎಂದು ಬರೆದು ಒಂದು ಚೀಟಿ ಕೊಟ್ಟರೆ ಸಾಕು. ಹೆಸರು ಬರೆಸಿದವರು ಬರುವ ಸಾಧ್ಯತೆ ಹೆಚ್ಚು, ನಿಮಗೂ ಕುರ್ಚಿ, ನೀರು, ಮಜ್ಜಿಗೆಯ ಲೆಕ್ಕ ಸಿಗುತ್ತದೆ. ಪಾಸ್ ಇಲ್ಲದೆ ಬಂದವರನ್ನು ವಾಪಸು ಕಳಿಸಬೇಡಿ; ಕಾರ್ಯಕ್ರಮ ಶುರುವಾಗುವ ಐದು ನಿಮಿಷ ಮೊದಲು ಖಾಲಿ ಉಳಿದ ಜಾಗಕ್ಕೆ ಬಿಡಿ.

ಮುಂದಿನ ಎರಡು ಕಾರ್ಯಕ್ರಮಗಳಲ್ಲಿ ಒಬ್ಬರನ್ನು ಎಣಿಕೆಗೆಂದೇ ನಿಲ್ಲಿಸಿ. ಆಹ್ವಾನ ಪತ್ರಿಕೆಯಲ್ಲಿ ಬರೆದ ಸಮಯಕ್ಕೆ ಎಷ್ಟು ತಲೆ, ನಲವತ್ತು ನಿಮಿಷದ ನಂತರ ಎಷ್ಟು, ಕೊನೆಯಲ್ಲಿ ಎಷ್ಟು ಎಂದು ಮೂರು ಸಲ ಎಣಿಸಿದರೆ ಸಾಕು. ಮೊದಲ ಎಣಿಕೆ ಕಡಿಮೆಯಿದ್ದು ಎರಡನೆಯದು ಏರಿದರೆ ನೀವು ತಡವಾಗಿ ಶುರುಮಾಡುತ್ತೀರಿ ಎಂಬುದು ಊರಿಗೆಲ್ಲ ಗೊತ್ತಾಗಿದೆ ಎಂದರ್ಥ. ಎರಡರಿಂದ ಮೂರಕ್ಕೆ ಧಡಕ್ಕನೆ ಇಳಿದರೆ ತೊಂದರೆ ವೇದಿಕೆಯ ಮೇಲಿದೆ. ಮೂರೂ ಕಡಿಮೆಯಿದ್ದರೆ ಸುದ್ದಿ ಮುಟ್ಟಿಲ್ಲ, ಇಲ್ಲವೇ ದಿನ ತಪ್ಪಾಗಿದೆ. 'ಅರ್ಧ ಜನ ನಡುವೆಯೇ ಎದ್ದು ಹೋಗುತ್ತಾರೆ' ಎಂದು ನೀವೇ ಬರೆದಿದ್ದೀರಿ. ಹಾಗಾಗಿ ನನ್ನ ಊಹೆ ಎರಡನೆಯದರ ಕಡೆಗೆ, ಅಂದರೆ ಸಭಾ ಕಾರ್ಯಕ್ರಮದ ಕಡೆಗೆ.

ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಉದ್ಘಾಟಕರ ಮಾತು, ಮುಖ್ಯ ಅತಿಥಿಗಳ ಮಾತು, ಹಾರ, ಶಾಲು, ನೆನಪಿನ ಕಾಣಿಕೆ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಎಲ್ಲರೂ ಚುಟುಕಾಗಿ ಮಾತಾಡಿದರೂ ಇದು ಮುಕ್ಕಾಲು ಗಂಟೆಗೆ ಕಡಿಮೆ ಮುಗಿಯುವುದಿಲ್ಲ, ಚುಟುಕಾಗಿ ಯಾರೂ ಮಾತಾಡುವುದೂ ಇಲ್ಲ. ಆರು ವರ್ಷದ ಮಗು ಒಂದೇ ಕಡೆ ತಾಳ್ಮೆಯಿಂದ ಕೂರುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವನ್ನು ಭಾಷಣಕ್ಕೆ ಕೊಟ್ಟ ಮೇಲೆ ಗೊಂಬೆಯಾಟ ಬಂದರೂ ಮಗು ಓಡಾಡುತ್ತದೆ. ಮಗು ಅತ್ತರೆ ಅಮ್ಮ ಏಳುತ್ತಾರೆ, ಅಮ್ಮ ಎದ್ದರೆ ಮನೆಮಂದಿಯೆಲ್ಲ ಹೊರಡುತ್ತಾರೆ.

ಸಭಾ ಕಾರ್ಯಕ್ರಮ ಪೂರ್ತಿ ಬೇಡ ಎಂದರೆ ಸಮಿತಿಯಲ್ಲಿ ಯಾರೂ ಒಪ್ಪುವುದಿಲ್ಲ; ದಾನಿಗಳನ್ನು, ವಾರ್ಡಿನ ಸದಸ್ಯರನ್ನು ಕರೆದು ಗೌರವಿಸಬೇಕಾದ್ದು ಸರಿಯೇ. ಆದರೆ ಅದಕ್ಕೊಂದು ಜಾಗ ಇದೆ. ಮೊದಲ ಪ್ರದರ್ಶನ ಮುಗಿದು ಎರಡನೆಯದಕ್ಕೆ ರಂಗಸಜ್ಜಿಕೆ, ಮೈಕ್ ಬದಲಾಯಿಸಲು ಹೇಗೂ ಎಂಟು-ಹತ್ತು ನಿಮಿಷ ಬೇಕು. ಆಗ ಪರದೆ ಎಳೆದು, ಪರದೆಯ ಮುಂದೆ ಒಂದು ಮೈಕಿಟ್ಟು, ನಿಂತುಕೊಂಡೇ ಗೌರವಾರ್ಪಣೆ ಮುಗಿಸಿ. ವೇದಿಕೆ ಮೇಲೆ ಸೋಫಾ, ಟೀಪಾಯಿ, ನೀರಿನ ಬಾಟಲಿ ಜೋಡಿಸುವುದೂ ಬೇಡ, ತೆಗೆಯುವುದೂ ಬೇಡ. ಮಾತು ಒಬ್ಬರದ್ದೇ, ಐದು ನಿಮಿಷ. ಪರದೆ ಹಿಂದೆ ಸಿದ್ಧವಾದವರು ಗಂಟೆ ಬಾರಿಸಿದರೆ ಭಾಷಣಕಾರರಿಗೂ ಸೂಚನೆ ಸಿಕ್ಕಂತಾಗುತ್ತದೆ, ಯಾರೂ ಚೀಟಿ ಕೊಟ್ಟು ನಿಷ್ಠುರವಾಗಬೇಕಿಲ್ಲ. ಆಹ್ವಾನ ಪತ್ರಿಕೆಯಲ್ಲೂ ಕಲಾವಿದರ ಹೆಸರು ದೊಡ್ಡದಾಗಿ ಮೇಲೆ ಬರಲಿ, ಗಣ್ಯರ ಹೆಸರು ಅಕಾರಾದಿಯಲ್ಲಿ ಕೆಳಗಿರಲಿ. ಯಾರ ಹೆಸರು ಯಾರಿಗಿಂತ ಮೇಲೆ ಎಂಬ ಜಗಳಕ್ಕೆ ಅಕಾರಾದಿಯಷ್ಟು ಒಳ್ಳೆಯ ಔಷಧಿ ಇನ್ನೊಂದಿಲ್ಲ.

ಒಟ್ಟು ಅವಧಿ ತೊಂಬತ್ತು ನಿಮಿಷ ಮೀರಬಾರದು. ಆರೂವರೆ ಎಂದು ಬರೆದಿದ್ದರೆ ಆರೂವರೆಗೆ, ಎದುರಿಗೆ ಹದಿನೈದೇ ಜನ ಇದ್ದರೂ ಶುರುಮಾಡಿ. ಮೊದಲೆರಡು ತಿಂಗಳು ಇದು ಕಷ್ಟ. ಕಲಾವಿದರಿಗೆ ಮೊದಲೇ ತಿಳಿಸಿರಬೇಕು. ಮೂರನೇ ತಿಂಗಳಿಂದ ಜನ ಸಮಯಕ್ಕೆ ಬರತೊಡಗುತ್ತಾರೆ. ಒಮ್ಮೆ ಗಣ್ಯರಿಗಾಗಿ ಅರ್ಧ ಗಂಟೆ ಕಾದಿರೋ, ಮತ್ತೆ ಮೊದಲಿನಿಂದ ಲೆಕ್ಕ.

ದಿನ ನೋಡಿಕೊಳ್ಳುವುದರಲ್ಲಿ ಒಂದು ವಿಷಯ ಅನೇಕ ಸಮಿತಿಗಳು ಗಮನಿಸುವುದಿಲ್ಲ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿರುವುದಿಲ್ಲ. ಶಾಮಿಯಾನದವರು, ಮೈಕ್ ಸೆಟ್ಟಿನವರು, ವಾದ್ಯದವರು ಆಗ ಬಿಡುವಾಗಿರುತ್ತಾರೆ. ಬಾಡಿಗೆಯಲ್ಲೂ ಚೌಕಾಸಿಗೆ ಜಾಗ ಇರುತ್ತದೆ. ವೈಶಾಖದ ಮುಹೂರ್ತದ ಶನಿವಾರ ಅದೇ ಮೈಕ್ ಸೆಟ್ಟಿಗೆ ನೀವು ಎರಡನೆಯ ಗಿರಾಕಿ: ಛತ್ರದ ಕೆಲಸ ಮುಗಿಸಿ ಅವರು ನಿಮ್ಮಲ್ಲಿಗೆ ಬರುವಾಗ ಏಳೂವರೆ. ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆಯಿರುವ ಮನೆಗಳು ಬರುವುದಿಲ್ಲ, ಧ್ವನಿವರ್ಧಕದ ಬಗ್ಗೆ ದೂರೂ ಆಗಲೇ ಹೆಚ್ಚು. ಆ ತಿಂಗಳು ಬಿಟ್ಟುಬಿಡಿ. ನವರಾತ್ರಿಯ ದಿನಗಳಲ್ಲಿ ಮೈಸೂರು, ಶ್ರೀರಂಗಪಟ್ಟಣ ಎರಡೂ ಕಡೆ ದಸರಾ ವೇದಿಕೆಗಳಿರುವುದರಿಂದ ಒಳ್ಳೆಯ ತಂಡಗಳು ಕೈಗೆ ಸಿಗುವುದಿಲ್ಲ. ಏಪ್ರಿಲ್-ಮೇ ರಜೆಯಲ್ಲಿ ಮಕ್ಕಳ ಬೇಸಿಗೆ ಶಿಬಿರಗಳು ಮುಗಿಯುವ ಹೊತ್ತಿಗೆ ಆ ಮಕ್ಕಳು ಕಲಿತ ನಾಟಕಗಳು ಸಿದ್ಧವಾಗಿರುತ್ತವೆ. ಮೈಸೂರಿನಲ್ಲಿ ರಂಗಾಯಣದ ಚಿನ್ನರ ಮೇಳವನ್ನು ನೋಡಿ ನಮ್ಮ ಭಾಗದಲ್ಲಿ ಇಂಥ ಶಿಬಿರ ನಡೆಸುವವರು ಬಹಳ ಮಂದಿ ಇದ್ದಾರೆ. ಒಂದು ಶಿಬಿರದ ನಾಟಕವನ್ನು ನಿಮ್ಮ ಭವನದಲ್ಲಿ ಆಡಿಸಿದರೆ ಮೂವತ್ತು ಮಕ್ಕಳ ಜೊತೆ ಮೂವತ್ತು ಮನೆಯವರು ತಾವಾಗಿಯೇ ಬರುತ್ತಾರೆ.

ಈಗ ಶಬ್ದದ ವಿಷಯ. ನಿಮ್ಮ ಭವನದ ದೊಡ್ಡ ರೋಗ ಇದೇ, ಜನ ಎದ್ದು ಹೋಗುವುದಕ್ಕೆ ಅರ್ಧ ಕಾರಣವೂ ಇದೇ ಇರಬಹುದು. ಟೈಲ್ಸ್ ನೆಲ, ಗಾರೆ ಗೋಡೆ, ಶೀಟ್ ಚಾವಣಿ ಯಾವುದೂ ಶಬ್ದವನ್ನು ಹೀರುವುದಿಲ್ಲ. ಸ್ಪೀಕರಿನಿಂದ ಹೊರಟ ಮಾತು ಹಿಂದಿನ ಗೋಡೆಗೆ ಬಡಿದು, ಚಾವಣಿಗೆ ಬಡಿದು, ತಡವಾಗಿ ಮತ್ತೆ ಕಿವಿಗೆ ಬೀಳುತ್ತದೆ. ಅಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ. ಭವನ ಖಾಲಿಯಿದ್ದಾಗ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆಯಿರಿ. ಆ ಸದ್ದಿನ ಗುಂಗು ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದರೆ ಅಲ್ಲಿ ಮಾತು ಅರ್ಥವಾಗುವುದು ಕಷ್ಟ. ಇಂಥ ಕಡೆ ಸೌಂಡ್ ಜೋರು ಮಾಡಿದಷ್ಟೂ ಗುಂಗೂ ಅಷ್ಟೇ ಜೋರಾಗುತ್ತದೆ. ಹಿಂದಿನವರಿಗೆ ಆಗಲೂ ಅರ್ಥವಾಗುವುದಿಲ್ಲ, ಪಕ್ಕದ ಮನೆಯವರಿಗೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ಮೊದಲು ಬಟ್ಟೆ. ಮಕ್ಕಳು ಕೂರುವ ಜಾಗಕ್ಕೆಲ್ಲ ದಪ್ಪ ಜಮಖಾನ ಹಾಸಿ. ವೇದಿಕೆಯ ಹಿಂಭಾಗಕ್ಕೆ ನೆರಿಗೆ ನೆರಿಗೆಯಾಗಿ ದಪ್ಪ ಪರದೆ ಇಳಿಬಿಡಿ. ಹಿಂದಿನ ಗೋಡೆಯ ಅರ್ಧ ಭಾಗಕ್ಕಾದರೂ ಅಂಥದ್ದೇ ಪರದೆ ಕಟ್ಟಿ, ಗೋಡೆಗೆ ಅಂಟಿಸದೆ ನಾಲ್ಕು ಇಂಚು ಬಿಟ್ಟು; ಗೋಡೆಗೆ ಒತ್ತಿಕೊಂಡ ತೆಳು ಬಟ್ಟೆಯಿಂದ ಪ್ರಯೋಜನವಿಲ್ಲ. ನೆರಿಗೆಗಾಗಿ ಗೋಡೆಯ ಅಗಲಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು. ಸಭಾಂಗಣದಲ್ಲಿ ಶಬ್ದ ಹೀರುವ ಅತ್ಯುತ್ತಮ ವಸ್ತು ಜನರೇ. ಹಾಗಾಗಿಯೇ 250 ಜನ ಬರುತ್ತಿದ್ದಾಗ ಇದ್ದ ಸೌಂಡ್ ಈಗ 60 ಜನರಿದ್ದಾಗ ಕೆಟ್ಟಂತೆ ಕೇಳಿಸುತ್ತಿರಬಹುದು.

ಆಮೇಲೆ ಸ್ಪೀಕರ್ ಇಡುವ ಜಾಗ. ದೊಡ್ಡ ಡಬ್ಬಗಳೆರಡನ್ನು ವೇದಿಕೆ ಮೇಲಿಟ್ಟು ಇಡೀ ಹಾಲಿಗೆ ಊದುವುದು ನಮ್ಮಲ್ಲಿ ರೂಢಿ. ಅದರ ಬದಲು ಚಿಕ್ಕವು ನಾಲ್ಕು ಕೇಳಿ. ಎರಡು ವೇದಿಕೆಯ ಎರಡು ಪಕ್ಕ, ಮೈಕಿಗಿಂತ ಮುಂದೆ, ಏಳೆಂಟು ಅಡಿ ಎತ್ತರದ ಸ್ಟ್ಯಾಂಡಿನಲ್ಲಿ, ಮುಖ ಕೊಂಚ ಕೆಳಗೆ ಬಗ್ಗಿರಲಿ. ಶಬ್ದ ಜನರ ಮೇಲೆ ಬೀಳಬೇಕು, ಗೋಡೆ ಮೇಲಲ್ಲ. ಇನ್ನೆರಡು ಹಾಲಿನ ನಡುಭಾಗದ ಪಕ್ಕದ ಗೋಡೆಗಳ ಬಳಿ, ಹಿಂದಿನ ಸಾಲುಗಳ ಕಡೆ ಮುಖ ಮಾಡಿ, ಸಣ್ಣ ಸೌಂಡಿನಲ್ಲಿ. ನಾಲ್ಕೂ ಮೆಲ್ಲಗೆ ಮಾತಾಡಿದರೆ ಮಾತೂ ಅರ್ಥವಾಗುತ್ತದೆ, ಕಿಟಕಿ ದಾಟಿ ಹೋಗುವುದೂ ಕಡಿಮೆಯಾಗುತ್ತದೆ.

ಕುಯ್ ಎಂದು ಕೂಗುವುದು ಮೈಕ್ ಕೆಟ್ಟಿದ್ದರಿಂದಲ್ಲ. ಸ್ಪೀಕರಿನ ಸದ್ದು ಮತ್ತೆ ಅದೇ ಮೈಕಿಗೆ ಹೋಗಿ ಸುತ್ತು ಹಾಕಿದರೆ ಕೂಗು ಬರುತ್ತದೆ. ಮೈಕನ್ನು ಬಾಯಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಹಿಡಿದರೆ ಆಂಪ್ಲಿಫೈಯರ್ ತಗ್ಗಿಸಬಹುದು, ಕೂಗು ತಾನೇ ನಿಲ್ಲುತ್ತದೆ. ಮಗು ಮೈಕಿನಿಂದ ಒಂದಡಿ ದೂರ ನಿಂತು ಪದ್ಯ ಹೇಳುವಾಗ ಸೌಂಡಿನವರು ಏರಿಸುತ್ತಾ ಹೋಗುತ್ತಾರೆ, ಕೂಗು ಶುರುವಾಗುತ್ತದೆ, ಮಗು ಹೆದರುತ್ತದೆ. ಒಬ್ಬರು ಪಕ್ಕದಲ್ಲಿದ್ದು ಸ್ಟ್ಯಾಂಡ್ ತಗ್ಗಿಸಿ ಕೊಡಲಿ. ಇನ್ನೊಂದು ಮುಖ್ಯ ಮಾತು: ನಮ್ಮ ಮೈಕ್ ಸೆಟ್ಟಿನವರಿಗೆ ಎಕೋ ಗುಂಡಿಯ ಮೇಲೆ ವಿಪರೀತ ಪ್ರೀತಿ. ಭಾಷಣಕ್ಕೂ ಎಕೋ, ನಾಟಕಕ್ಕೂ ಎಕೋ. ನಿಮ್ಮ ಭವನದಲ್ಲಿ ಗೋಡೆಗಳೇ ಬೇಕಾದಷ್ಟು ಎಕೋ ಕೊಡುತ್ತಿವೆ. ಮಾತಿನ ಮೈಕುಗಳಿಗೆ ಅದನ್ನು ಪೂರ್ತಿ ಸೊನ್ನೆಗೆ ಇಳಿಸಲು ಹೇಳಿ, ಬಾಸನ್ನೂ ಕಡಿಮೆ ಮಾಡಿಸಿ. ಇವೆರಡಕ್ಕೆ ಒಂದು ಪೈಸೆ ಖರ್ಚಿಲ್ಲ. ನಾನಾದರೆ ಪರದೆಗೂ ಮೊದಲು ಇದನ್ನೇ ಮಾಡಿಸುತ್ತೇನೆ.

ಶೀಟಿನ ಮೇಲೆ ಮಳೆ ಬಿದ್ದರೆ ಯಾವ ಸೌಂಡೂ ಸಾಲದು. ಅಕ್ಟೋಬರಿನ ಸಂಜೆಗಳಲ್ಲಿ ಮಾತಿನ ನಾಟಕ ಇಡಬೇಡಿ. ನೋಡುವುದೇ ಮುಖ್ಯವಾದ ಕುಣಿತ, ಜಾದೂ ಇಡಿ.

ನೆರೆಮನೆಯವರ ವಿಷಯದಲ್ಲಿ ಕಾನೂನು ತಿಳಿದಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗಿನವರಿಗಷ್ಟೇ ಕೇಳುವಂತೆ ಬಳಸುವುದಕ್ಕೆ ಈ ರಾತ್ರಿ ನಿಷೇಧದಿಂದ ವಿನಾಯಿತಿ ಇದೆ. ಆದರೆ ಎಲ್ಲ ಕಿಟಕಿ ತೆರೆದಿಟ್ಟ ಭವನವನ್ನು ಮುಚ್ಚಿದ ಸಭಾಂಗಣ ಎಂದು ವಾದಿಸಲು ಹೋಗಬೇಡಿ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಅಲ್ಲಿ ಮಿತಿ ಇನ್ನೂ ಕಡಿಮೆ. ಕಾರ್ಯಕ್ರಮಕ್ಕೆ ಹತ್ತು ದಿನ ಮೊದಲೇ ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ಅರ್ಜಿ ಕೊಟ್ಟು, ಶುರುವಾಗುವ ಮತ್ತು ಮುಗಿಯುವ ಸಮಯ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಜೊತೆಗೆ ಅಕ್ಕಪಕ್ಕದ ಮನೆಗಳಿಗೆ ಹೋಗಿ ಎಂಟೂವರೆಗೆ ನಿಲ್ಲಿಸುತ್ತೇವೆ ಎಂದು ಹೇಳಿ ಬನ್ನಿ, ಹಾಗೆಯೇ ನಿಲ್ಲಿಸಿ. ಅನುಮತಿ ಪತ್ರ ತೋರಿಸಿ ಜಗಳ ಗೆಲ್ಲುವುದಕ್ಕಿಂತ ಅವರ ಮನೆಯ ಮಕ್ಕಳನ್ನು ಕರೆದು ತಂದರೆ ಬೇಗ ಕೆಲಸವಾಗುತ್ತದೆ.

ಟ್ರಿಪ್ ಆದದ್ದರ ಲೆಕ್ಕ ಸರಳ. ಹಳೆಯ ಹ್ಯಾಲೊಜೆನ್ ದೀಪ ಒಂದಕ್ಕೆ 1000 ವಾಟ್. 230 ವೋಲ್ಟಿನಲ್ಲಿ ಅದು ನಾಲ್ಕೂಕಾಲು ಆಂಪಿಯರಿಗಿಂತ ಕೊಂಚ ಹೆಚ್ಚೇ ಎಳೆಯುತ್ತದೆ. ಮೂರು ಹಚ್ಚಿದರೇ ನಿಮ್ಮ 3 ಕಿಲೋವಾಟ್ ಮುಗಿಯಿತು, ಫ್ಯಾನು, ಸೌಂಡು ಬೇರೆ. ನಾಟಕಕ್ಕೆ ಎಲ್‌ಇಡಿ ಪಾರ್ ದೀಪಗಳನ್ನೇ ಕೇಳಿ. ಸಾಮಾನ್ಯವಾಗಿ ಸಿಗುವಂಥವು ತಲಾ 100-150 ವಾಟ್ ಒಳಗೆ ಇರುತ್ತವೆ. ಎಂಟು ದೀಪ, ಎಂಟು ಫ್ಯಾನು, ಒಂದು ಸಾಧಾರಣ ಸೌಂಡ್ ಸೆಟ್ಟು ನಿಮ್ಮ ಸಂಪರ್ಕದೊಳಗೆ ಬಿಗಿಯಾಗಿ ಹಿಡಿಯುತ್ತವೆ. ಅದಕ್ಕಿಂತ ದೊಡ್ಡದಾದರೆ ಸೆಸ್ಕ್‌ನಿಂದ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ತಾತ್ಕಾಲಿಕ ಸಂಪರ್ಕ ಪಡೆಯಿರಿ, ಇಲ್ಲವೇ ಜನರೇಟರ್ ತನ್ನಿ. ಮೀಟರಿನ ಹಿಂದಿನಿಂದ ವಯರ್ ಎಳೆಯುವ 'ಹೊಂದಾಣಿಕೆ' ಬೇಡವೇ ಬೇಡ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ದೀಪ ಮತ್ತು ಸೌಂಡನ್ನು ಬೇರೆ ಬೇರೆ ಲೈನಿಗೆ ಹಾಕಿಸಿ. ಕೆಲವರು ಅರ್ಥ್ ಪಿನ್ ಮುರಿದು ಆ ಸದ್ದು ನಿಲ್ಲಿಸುತ್ತಾರೆ. ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವುದು ಹಾಗೆ ಮಾಡಿದಾಗಲೇ.

ಕೂರಿಸುವ ಲೆಕ್ಕ: 60 ಅಡಿಯಲ್ಲಿ ವೇದಿಕೆಗೆ 16, ಹಿಂದೆ ಬಾಗಿಲ ಬಳಿ 4, ವೇದಿಕೆ ಮುಂದೆ ಮಕ್ಕಳ ಜಮಖಾನಕ್ಕೆ 10 ಹೋದರೆ 30 ಅಡಿ ಉಳಿಯಿತು. ನಡುವೆ 4 ಅಡಿ, ಎರಡು ಪಕ್ಕ 3 ಅಡಿ ದಾರಿ ಬಿಟ್ಟರೆ ಸಾಲಿಗೆ ಒಂಬತ್ತೊಂಬತ್ತು ಕುರ್ಚಿ. ಸಾಲಿನಿಂದ ಸಾಲಿಗೆ 3 ಅಡಿ. ಹತ್ತು ಸಾಲಿಗೆ 180 ಹಿಡಿದರೂ 170 ಕುರ್ಚಿಯೇ ಇರಲಿ, ಕೆಳಗೆ 80 ಮಕ್ಕಳು, ಒಟ್ಟು 250. ಅದಕ್ಕಿಂತ ಹೆಚ್ಚು ತುಂಬಬೇಡಿ, ಪಾಸಿನ ಮೇಲೂ ಆ ಸಂಖ್ಯೆ ಬರೆಯಿರಿ. ಎರಡು ಬಾಗಿಲೂ ಕಾರ್ಯಕ್ರಮ ಮುಗಿಯುವವರೆಗೆ ಚಿಲಕವಿಲ್ಲದೆ ಇರಲಿ, ಬಾಗಿಲ ಎದುರು ಚಪ್ಪಲಿ ರಾಶಿ, ಬೈಕು ನಿಲ್ಲದಂತೆ ಒಬ್ಬರು ನೋಡಿಕೊಳ್ಳಲಿ. ಎದುರಿಗೆ 70 ಜನರಷ್ಟೇ ಇರುವ ತಿಂಗಳುಗಳಲ್ಲಿ 170 ಕುರ್ಚಿ ಹಾಕಬೇಡಿ. ಎಂಬತ್ತು ಹಾಕಿ, ಉಳಿದವು ಮೂಲೆಯಲ್ಲಿ ಪೇರಿಸಿರಲಿ. ಬೇಕಾದಾಗ ತೆಗೆದರಾಯಿತು. ಬಂದವರು ಹಿಂದಿನ ಸಾಲಿಗೇ ಹೋಗಿ ಕೂರುವ ಅಭ್ಯಾಸಕ್ಕೂ ಇದೇ ಉಪಾಯ.

ಚಿಕ್ಕ ಮಕ್ಕಳ ಜೇಬಿಗೆ ಪಾಲಕರ ಫೋನ್ ನಂಬರಿನ ಚೀಟಿ ಹಾಕಿ ಒಳಗೆ ಬಿಡಿ. ತಪ್ಪಿಸಿಕೊಂಡ ಮಗುವನ್ನು ಕೂರಿಸಲು ಬಾಗಿಲ ಬಳಿ ಒಂದು ಮೇಜು, ಅಲ್ಲಿಂದ ಕದಲದ ಒಬ್ಬರು ಬೇಕು.

ಯಾವ ಕಲೆ ಯಾವ ಜಾಗಕ್ಕೆ ಎಂಬುದನ್ನು ಯೋಚಿಸದೆ ತಂಡ ಕರೆಸಿದರೆ ಒಳ್ಳೆಯ ತಂಡವೂ ಸೋಲುತ್ತದೆ. ತಮಟೆ, ನಗಾರಿ, ಡೊಳ್ಳನ್ನು ನಿಮ್ಮ ಹಾಲಿನೊಳಗೆ ಬಾರಿಸಿದರೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತವೆ. ಅವನ್ನು ಅಂಗಳದಲ್ಲಿ, ಆರೂಕಾಲಿಗೆ, ಮೈಕಿಲ್ಲದೆ ಹದಿನೈದು ನಿಮಿಷ ಆಡಿಸಿ. ಬಡಾವಣೆಗೆಲ್ಲ ಅದೇ ಡಂಗುರ. ನಮ್ಮ ಮಂಡ್ಯದ ಪೂಜೆ ಕುಣಿತಕ್ಕೆ, ಪಟ ಕುಣಿತಕ್ಕೆ ತಲೆಯ ಮೇಲೆ ಎತ್ತರ ಬೇಕು. ಪಟದ ಗಳುವೇ ಹತ್ತಡಿ ಮೀರುತ್ತದೆ, ತಿರುಗುವ ಫ್ಯಾನಿನ ಕೆಳಗೆ ಅದು ಅಪಾಯ. ಕಂಸಾಳೆಯವರು ಬರಿಗಾಲಲ್ಲಿ ಬಗ್ಗಿ, ಹಾರಿ ಕುಣಿಯುತ್ತಾರೆ. ವೇದಿಕೆಯ ಟೈಲ್ಸ್ ಮೇಲೆ ನೀರು, ಹೂವಿನ ಎಸಳು ಬಿದ್ದಿರಬಾರದು. ದೀಪ ಬೆಳಗಿದ ಎಣ್ಣೆ ಚೆಲ್ಲಿದ ಜಾಗವನ್ನಂತೂ ಒಣಬಟ್ಟೆಯಲ್ಲಿ ಒರೆಸಿಯೇ ಅವರನ್ನು ಕರೆಯಿರಿ.

ತೊಗಲುಗೊಂಬೆ ಮಕ್ಕಳಿಗೆ ಬಹಳ ಹಿಡಿಸುತ್ತದೆ, ಆದರೆ ಅದಕ್ಕೆ ಕತ್ತಲೆ ಬೇಕು. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರು ಮುಕ್ಕಾಲರ ಮೇಲೆ, ನವೆಂಬರ್ ಕೊನೆಯಲ್ಲಿ ಆರಕ್ಕೂ ಮೊದಲೇ. ಬೇಸಿಗೆಯಲ್ಲಿ ಆರೂವರೆಗೆ ಇಟ್ಟರೆ ಪರದೆ ಮೇಲೆ ಏನೂ ಕಾಣುವುದಿಲ್ಲ. ನವೆಂಬರ್, ಡಿಸೆಂಬರ್ ಸರಿಯಾದ ಕಾಲ. ಪರದೆ ಚಿಕ್ಕದು, ಪಕ್ಕಕ್ಕೆ ಕೂತವರಿಗೆ ಆಕೃತಿ ಮಸುಕು. ಎದುರಿಗೆ ಮೂವತ್ತು ಅಡಿಯೊಳಗೆ ನೂರು ಜನರಿಗಿಂತ ಹೆಚ್ಚು ಬೇಡ. ಜನ ಹೆಚ್ಚಿದ್ದರೆ ಅದೇ ಸಂಜೆ ನಲವತ್ತು ನಿಮಿಷದ ಎರಡು ಆಟ ಆಡಿಸಿ, ಸಂಭಾವನೆಯನ್ನೂ ಅದಕ್ಕೆ ತಕ್ಕಂತೆ ಕೊಡಿ.

ಇನ್ನು ನಿಮ್ಮ ಸಮಿತಿಯ ಎರಡನೇ ನಂಬಿಕೆ: 'ಉಚಿತವಾದ್ದರಿಂದ ಯಾರೂ ಕೇಳುವುದಿಲ್ಲ.' ಇದು ಅರ್ಧ ನಿಜ, ಆ ಅರ್ಧ ಯಾವುದೆಂದು ತಿಳಿಯದಿದ್ದರೆ ನೋಟಿಸು ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಹವ್ಯಾಸಿ ಸಂಘಗಳಿಗೆ ಒಂದು ವಿನಾಯಿತಿ ಕೊಟ್ಟಿದೆ: ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿಗಳು ನಾಟಕವಾಡಿದರೆ, ಹಾಡಿದರೆ, ಕೃತಿ ಓದಿದರೆ ಅದು ಉಲ್ಲಂಘನೆಯಲ್ಲ. ನೀವು 30 ರೂಪಾಯಿ ಟಿಕೆಟ್ ಇಟ್ಟ ದಿನವೇ ಈ ವಿನಾಯಿತಿ ನಿಮ್ಮ ಕೈಬಿಡುತ್ತದೆ. ನಾಲ್ಕು ಜನರ ಮನೆಗೆ 120 ರೂಪಾಯಿಯಾದರೆ ಬರುವವರಲ್ಲೂ ಕೆಲವರು ನಿಲ್ಲುತ್ತಾರೆ; ಜೊತೆಗೆ ನಾಟಕಕಾರರ ಅನುಮತಿ, ಹಾಡುಗಳ ಪರವಾನಗಿ ಎಲ್ಲವನ್ನೂ ನೀವೇ ತರಬೇಕಾಗುತ್ತದೆ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಕೃತಿಗಳಿಗೆ ಮಾತ್ರ ಆ ತಾಪತ್ರಯವಿಲ್ಲ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳು ಹೀಗೆ ಮುಕ್ತವಾಗಿವೆ. ಸಂಭಾವನೆ ಪಡೆಯುವ ವೃತ್ತಿ ತಂಡ, ಬಾಡಿಗೆ ಆರ್ಕೆಸ್ಟ್ರಾ ಕರೆಸಿದರೆ ಅವರನ್ನು ಹವ್ಯಾಸಿಗಳು ಎನ್ನಲಾಗದು ಎಂಬುದೂ ನೆನಪಿರಲಿ. ಆರ್ಕೆಸ್ಟ್ರಾ ಆದರೆ ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ನೀಡಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ಯಾರು ತರುತ್ತಾರೆ ಎಂದು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.

ಸಿನಿಮಾಕ್ಕೆ ಈ ವಿನಾಯಿತಿ ಇಲ್ಲ. ಮನೆಯ ಒಟಿಟಿ ಚಂದಾ ಮನೆಯವರು ನೋಡುವುದಕ್ಕೆ ಮಾತ್ರ. ಅದನ್ನು ಭವನದ ಪರದೆಗೆ ಹಾಕಿದರೆ ಉಚಿತವಾದರೂ ಸಾರ್ವಜನಿಕ ಪ್ರದರ್ಶನವೇ. ನಿರ್ಮಾಪಕರಿಂದ ಅಥವಾ ವಿತರಕರಿಂದ ಒಂದು ಪ್ರದರ್ಶನಕ್ಕೆಂದು ಲಿಖಿತ ಒಪ್ಪಿಗೆ ಬೇಕು, ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಇರಬೇಕು. ಚಿಕ್ಕ ಬಜೆಟ್ಟಿನ ಕನ್ನಡ ಮಕ್ಕಳ ಚಿತ್ರಗಳ ನಿರ್ಮಾಪಕರು, ಚಿತ್ರಮಂದಿರದ ಓಟ ಮುಗಿದ ಮೇಲೆ, ಹೀಗೆ ಕೇಳಿದರೆ ಒಪ್ಪುವುದುಂಟು. ಕೇಂದ್ರ ಸರ್ಕಾರದ ಮಕ್ಕಳ ಚಿತ್ರ ಸಂಸ್ಥೆ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಸೇರಿರುವುದರಿಂದ ಅದರ ಚಿತ್ರಗಳಿಗೆ ಅಲ್ಲಿ ಬರೆಯಬೇಕು. ಹಾಕುವುದೇ ಆದರೆ 12 ಅಡಿ ಅಗಲದ ಪರದೆಗೆ ಕನಿಷ್ಠ 3500 ಲ್ಯುಮೆನ್ ಪ್ರೊಜೆಕ್ಟರ್, ಪರದೆಯಿಂದ ಸುಮಾರು 18 ಅಡಿ ದೂರ. ಪರದೆಯ ಕೆಳಅಂಚು ನೆಲದಿಂದ ಐದಡಿ ಮೇಲಿರಲಿ, ಇಲ್ಲದಿದ್ದರೆ ಹಿಂದಿನವರಿಗೆ ಮುಂದಿನವರ ತಲೆಯೇ ಸಿನಿಮಾ.

ಕರೋಕೆಯಲ್ಲಿ ಎರಡು ಹಕ್ಕುಗಳಿವೆ: ಹಾಡಿನದು ಒಂದು, ಹಿನ್ನೆಲೆ ಟ್ರ್ಯಾಕಿನದು ಇನ್ನೊಂದು. ಲಾಭದ ಉದ್ದೇಶವಿಲ್ಲದ ಸಂಘವು ತನ್ನ ಚಟುವಟಿಕೆಯಾಗಿ ಧ್ವನಿಮುದ್ರಿಕೆ ಕೇಳಿಸುವುದಕ್ಕೆ, ಹಾಗೆಯೇ ವಸತಿ ಸಮುಚ್ಚಯದ ನಿವಾಸಿಗಳ ಸಾಮಾನ್ಯ ಸಭಾಂಗಣದೊಳಗೆ ಕೇಳಿಸುವುದಕ್ಕೆ ಅದೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಹಾಗಾಗಿ ಸದಸ್ಯರೇ ಭವನದೊಳಗೆ ಹಾಡಿದರೆ ತೊಂದರೆಯ ಸಂಭವ ಕಡಿಮೆ. ಅದನ್ನೇ ಮೈದಾನಕ್ಕೆ ತಂದು ಪ್ರಾಯೋಜಕರ ಬ್ಯಾನರ್ ಕಟ್ಟಿದರೆ ಈ ರಕ್ಷಣೆಯನ್ನು ನೆಚ್ಚಿಕೊಳ್ಳಬೇಡಿ. ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರೆ ಟ್ರ್ಯಾಕಿನ ಕಂಪನಿಯವರು ಶಬ್ದ ಅಳಿಸಿಸಬಹುದು, ವಿಡಿಯೊ ತೆಗೆಸಬಹುದು. ಮಕ್ಕಳ ಮುಖ ತೋರಿಸುವ ವಿಡಿಯೊಗೆ ಪಾಲಕರ ಒಪ್ಪಿಗೆ ಪಾಸ್ ಕೊಡುವಾಗಲೇ ಕೇಳಿಕೊಳ್ಳಿ.

ತಿಂಡಿಗೆ ಮಜ್ಜಿಗೆ, ಪಾನಕ, ಒಣ ತಿನಿಸು ಸಾಕು. 250 ಜನಕ್ಕೆ ತಲಾ 200 ಮಿಲಿಲೀಟರ್ ಎಂದರೆ 50 ಲೀಟರ್ ಮಜ್ಜಿಗೆ: 12 ಲೀಟರ್ ಮೊಸರು, 38 ಲೀಟರ್ ಕುಡಿಯುವ ನೀರು, 350 ಗ್ರಾಂನಷ್ಟು ಉಪ್ಪು. ಕೋಸಂಬರಿಯೂ ಬೇಕೆಂದರೆ 5 ಕಿಲೋ ಹೆಸರುಬೇಳೆ ಹಿಡಿಯುತ್ತದೆ. ಉಪ್ಪು, ಸೌತೆಕಾಯಿ ಹಂಚುವ ಮುನ್ನವೇ ಬೆರೆಸಬೇಕು, ಮಧ್ಯಾಹ್ನವೇ ಬೆರೆಸಿಟ್ಟರೆ ನೀರು ಬಿಟ್ಟು ಹಳಸುತ್ತದೆ. ಹಂಚುವುದು ಕೊನೆಯಲ್ಲಿ, ಅಂಗಳದಲ್ಲಿ. ಮೊದಲೇ ಹಂಚಿದರೆ ತಿಂದು ಹೊರಡುವವರನ್ನು ಹಿಡಿಯಲಾಗದು.

ಹಾಗಾದರೆ ದುಡ್ಡು ಎಲ್ಲಿಂದ? ಒಂದು ತಿಂಗಳ ಖರ್ಚನ್ನು ಒಂದು ಮನೆಯೋ ಅಂಗಡಿಯೋ ವಹಿಸಿಕೊಳ್ಳುವ ಪದ್ಧತಿ ಟಿಕೆಟ್ಟಿಗಿಂತ ಚೆನ್ನಾಗಿ ನಡೆಯುತ್ತದೆ: ಹುಟ್ಟಿದ ಹಬ್ಬ, ಹಿರಿಯರ ನೆನಪು, ಅಂಗಡಿಯ ವಾರ್ಷಿಕೋತ್ಸವ ಹೀಗೆ. ಬಾಗಿಲಲ್ಲಿ ಕಾಣಿಕೆ ಡಬ್ಬಿ ಇಡಬಹುದು, ಆದರೆ ಹಾಕಲೇಬೇಕೆಂದು ಒತ್ತಾಯ ಮಾಡಿದರೆ ಅದು ಟಿಕೆಟ್ಟೇ ಆಯಿತು. ಸಂಘ ನೋಂದಣಿಯಾಗಿ, ಲೆಕ್ಕಪರಿಶೋಧನೆ ಆಗುತ್ತಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕಿ. ಜಿಲ್ಲೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಬೇಕಾದ ದಾಖಲೆಗಳ ಪಟ್ಟಿ ಸಿಗುತ್ತದೆ. ಕೈಗೆ ಬರುವುದು ತಡ, ಹಾಗಾಗಿ ಆ ಹಣವನ್ನು ನಂಬಿ ತಂಡಕ್ಕೆ ಮಾತು ಕೊಡಬೇಡಿ. ಕಲಾವಿದರನ್ನು 'ಉಚಿತ ಕಾರ್ಯಕ್ರಮ, ನೀವೂ ಉಚಿತವಾಗಿ ಬನ್ನಿ' ಎಂದು ಕರೆಯುವುದನ್ನು ಇಂದೇ ನಿಲ್ಲಿಸಿ. ಒಮ್ಮೆ ಬಂದವರು ಎರಡನೇ ಸಲ ಬರುವುದಿಲ್ಲ, ಬಂದರೂ ಅರ್ಧ ತಂಡ ಬರುತ್ತದೆ. ಪ್ರಯಾಣ, ಊಟ, ಸಂಭಾವನೆ ಎಷ್ಟೆಂದು ಮೊದಲೇ ಮಾತಾಡಿ, ವೇಷ ಕಳಚುವ ಹೊತ್ತಿಗೆ ಲಕೋಟೆ ಅವರ ಕೈಯಲ್ಲಿರಲಿ. ಖರ್ಚು ಕಡಿಮೆ ಮಾಡಲೇಬೇಕೆಂದರೆ ತಿಂಗಳಿಗೊಮ್ಮೆ ಇರುವುದನ್ನು ಎರಡು ತಿಂಗಳಿಗೊಮ್ಮೆ ಮಾಡಿ.